ಎಮ್ಮೆಯ ಮೇಲ್ಹಲ್ಲು ಗಿಣ್ಣಿನಲ್ಲೇ ಉಳಿದದ್ದು

ಬನ್ನಿ, ಬನ್ನಿ, ಚಾಪೆಯ ಮೇಲೆ ಒತ್ತಿಕೊಂಡು ಕೂತುಕೊಳ್ಳಿ. ಕಾಲು ಮಡಚಿಕೋ ಪುಟ್ಟಾ, ಹಿಂದಿನವರಿಗೂ ಜಾಗ ಬೇಕು. ಬಾಯಲ್ಲಿರುವುದನ್ನು ಬೇಗ ನುಂಗಿಬಿಡಿ. ಈ ಕಥೆಯಲ್ಲಿ ಅಗಿಯುವವರು ಬೇರೆ ಇದ್ದಾರೆ.

ಆಗಿನ್ನೂ ಲೋಕ ಹೊಸತು. ಬೆಟ್ಟಗಳ ಮೈ ಹಸಿಹಸಿ, ಒತ್ತಿದರೆ ಬೆರಳು ಮೂಡುತ್ತಿತ್ತು. ಯಾವ ಕಡೆ ಹೋಗಬೇಕೆಂದು ತಿಳಿಯದೆ ಹೊಳೆ ಬೆಳಿಗ್ಗೆ ಆ ಕಡೆ, ಸಂಜೆ ಈ ಕಡೆ ಹರಿದು ನೋಡುತ್ತಿತ್ತು. ಎಮ್ಮೆಗೆ ಮಾತು ಬರುತ್ತಿತ್ತು. ಮಾತಷ್ಟೇ ಅಲ್ಲ, ಬಾಯಿ ತುಂಬ ಹಲ್ಲೂ ಇದ್ದವು. ಮೇಲೊಂದು ಸಾಲು, ಕೆಳಗೊಂದು ಸಾಲು.

ಆ ಹೊಳೆಯ ದಂಡೆಯಲ್ಲಿ ಸಣ್ಣಕ್ಕ, ಅವಳ ಗಂಡ ಮಾಳಪ್ಪ ಹಟ್ಟಿ ಕಟ್ಟಿಕೊಂಡಿದ್ದರು. ಅವರ ಎಮ್ಮೆಯ ಹೆಸರು ಬೆಳ್ಳಿ. ಮೈ ಇದ್ದಿಲಿನಷ್ಟು ಕಪ್ಪು, ಆದರೂ ಬೆಳ್ಳಿ. ಯಾಕೆಂದರೆ ಅವಳು ಹಲ್ಲು ಕಿರಿದರೆ ಹಟ್ಟಿಯೆಲ್ಲ ಬೆಳಕಾಗುತ್ತಿತ್ತು. ಆ ಹಲ್ಲಿನ ಮೇಲೆ ಅವಳಿಗೆ ಎಷ್ಟು ಜಂಬ ಅಂತೀರಿ! ಹುಲ್ಲು ಹಾಕಿದರೆ ಕಟಕ್ ಎಂದು ಕಡಿದು ಗುಳುಮ್ಮನೆ ನುಂಗುವಳು. ಕಟ್ಟಿದ ಗೂಟ ಕಡಿಯುವಳು. ಒಮ್ಮೆ ಮಾಳಪ್ಪನ ರುಮಾಲನ್ನೇ ಕಡಿದಳು. ತಲೆ ಒಳಗೇ ಇತ್ತು, ಪುಣ್ಯಕ್ಕೆ ಉಳಿಯಿತು.

ಕೋಳಿ ಕೂಗುವ ಹೊತ್ತಿಗೆ ಸಣ್ಣಕ್ಕ ಹಾಲು ಕರೆಯುತ್ತಿದ್ದಳು. ಕರು ಕುಡಿದು, ಮನೆಯವರು ಕುಡಿದು ಮಿಕ್ಕ ಹಾಲಿಗೆ ಹುಳಿಮಜ್ಜಿಗೆ ಬಿಟ್ಟು ಒಡೆಸುವಳು, ಬಟ್ಟೆಯಲ್ಲಿ ಕಟ್ಟಿ ಸೋಸುವಳು, ಮೇಲೆ ಕಲ್ಲು ಹೇರಿ ಮುದ್ದೆ ಮಾಡುವಳು. ಕರು ಹಾಕಿದ ಹೊಸತರಲ್ಲಿ ನೀವು ತಿನ್ನುವ ಬೆಲ್ಲದ ಗಿಣ್ಣು ಅಲ್ಲ ಇದು. ಇದು ಮಳೆಗಾಲಕ್ಕೆಂದು ಇಡುವ ಒಣಗಿಣ್ಣು. ಒಲೆಯ ಮೇಲಿನ ಅಟ್ಟದಲ್ಲಿ ಹೊಗೆ ಕುಡಿದು ಕುಡಿದು ಕಲ್ಲಾಗುತ್ತಿತ್ತು. ತಿನ್ನಬೇಕೆಂದರೆ ಇಡೀ ದಿನ ನೆನೆಹಾಕಬೇಕು. ಆಗ ನೋಡಿ, ಹೂವಿನಷ್ಟು ಮೆತ್ತಗೆ!

ಹಾಲು ಒಡೆದಾಗ ಇಳಿದ ತಿಳಿನೀರು ಬೆಳ್ಳಿಯ ಪಾಲು. ಅವಳೂ ಬಾನಿಯೊಳಗೆ ಮೂತಿ ಇಟ್ಟು ಸೊರ್ರನೆ ಕುಡಿದು ಸುಖವಾಗಿದ್ದಳು. ಆದರೆ ಒಂದು ದಿನ ಗಾಳಿ ಬಂತು.

"ಬೆಳ್ಳಕ್ಕಾ, ಅಟ್ಟದಿಂದ ಎಂಥಾ ಪರಿಮಳ! ನಿನ್ನ ಹಾಲಿಂದಲೇ ಮಾಡಿದ್ದಂತೆ. ನಿನಗೆ ಒಂದು ಚೂರೂ ಕೊಡಲಿಲ್ವಾ? ಅಯ್ಯೋ ಪಾಪ," ಅಂದು ಹೊರಟೇ ಹೋಯಿತು. ಹಚ್ಚಿಕೊಟ್ಟು ಓಡಿಹೋಗುವುದು ಗಾಳಿಯ ಹಳೇ ಕಸುಬು.

ಬೆಳ್ಳಿಗೆ ಹೊಟ್ಟೆ ಉರಿಯಿತು. ಅವಳ ಹೊಟ್ಟೆ ಉರಿದರೆ ಅದೇನು ಸಣ್ಣ ಉರಿಯೇ?

"ಯವ್ವಾ, ಹಾಲು ನಂದು. ಗಿಣ್ಣು ನಿಮಗೆ, ನೀರು ನನಗಾ?"

"ಆಸೆಯಾದರೆ ಕೊಡ್ತೀನಿ ನನ್ನವ್ವಾ. ಈಗ ನೆನೆಹಾಕ್ತೀನಿ, ನಾಳೆ ತಿನ್ನು," ಅಂದಳು ಸಣ್ಣಕ್ಕ.

"ನೆನೆಹಾಕೋದು ಬೊಚ್ಚುಬಾಯಿಯವರಿಗೆ. ನನ್ನ ಹಲ್ಲು ನೋಡಿಲ್ವಾ ನೀನು?"

"ನೋಡಿದ್ದೀನಿ. ನನ್ನ ಗಂಡನ ರುಮಾಲನ್ನೂ ನೋಡಿದ್ದೀನಿ. ನಾಳೆ ಅಂದ್ರೆ ನಾಳೆ."

ಸಣ್ಣಕ್ಕ ಒಂದು ಮುದ್ದೆಯನ್ನು ಗಡಿಗೆಯ ತಿಳಿನೀರಲ್ಲಿ ಮುಳುಗಿಸಿಟ್ಟು, ಗಿಣ್ಣಿನ ಬಟ್ಟೆ ಒಗೆಯಲು ಹೊಳೆಗೆ ಹೋದಳು. ಕಾವಲಿಗೆ ಮಾಳಪ್ಪನನ್ನು ಕೂರಿಸಿದಳು. ಮಾಳಪ್ಪ ಕೂತ, ಒರಗಿದ, ಗೊರಕೆ ಹೊಡೆದ.

ಬೆಳ್ಳಿ ಅವನನ್ನು ದಾಟಿ ಒಳಗೆ ಹೋದಳು. ಅಟ್ಟಕ್ಕೆ ಕತ್ತು ಚಾಚಿದಳು. ಎಲ್ಲಕ್ಕಿಂತ ದೊಡ್ಡ ಮುದ್ದೆ ಹುಡುಕಿ, ಇದ್ದಬದ್ದ ಶಕ್ತಿಯೆಲ್ಲ ಬಿಟ್ಟು ಕಚ್ಚಿದಳು.

ಕಟ್!

"ಮುರೀತು!" ಅಂತ ಹಿಗ್ಗಿದಳು. ಮುರಿದದ್ದು ನಿಜ, ಆದರೆ ಗಿಣ್ಣಲ್ಲ. ಮುದ್ದೆ ನೆಲಕ್ಕೆ ಬಿತ್ತು, ಅದರ ಮೇಲೆ ಮೇಲ್ಹಲ್ಲಿನ ಸಾಲು ನಾಟಿ ಮಾಡಿದ ಪೈರಿನ ಹಾಗೆ ನೆಟ್ಟಗೆ ನಿಂತಿತ್ತು.

ಬೆಳ್ಳಿ ಬಾಯಿ ಬಿಗಿದುಕೊಂಡು ಹೊರಗೆ ಬಂದಳು. ಎದುರಿಗೆ ಹಸು.

"ಏನಕ್ಕಾ ತಿಂದೆ?"

"ಗಿಣ್ಣು," ಅಂದಳು ತುಟಿಯ ಸಂದಿಯಿಂದ. ಒಬ್ಬಳೇ ಬೊಚ್ಚಿಯಾಗಿ ಇರುವುದಾದರೂ ಹೇಗೆ? "ಬೆಣ್ಣೆ ಹಾಗಿದೆ. ನೀನೂ ಹೋಗು."

ಹಸು ಹೋಯಿತು. ಕಟ್! ಹಸು ಬಾಯಿ ಬಿಗಿದುಕೊಂಡು ಬಂದು ಮೇಕೆಗೆ, "ಬೆಣ್ಣೆ ಹಾಗಿದೆ," ಅಂತು. ಮೇಕೆ ಹೋಯಿತು. ಕಟ್! ಮೇಕೆ ಕುರಿಗೆ ಹೇಳಿತು. ಕುರಿ ಯಾರು ಹೇಳಿದರೂ ಹೋಗುವ ಜಾತಿ. ಕಟ್!

ಕೊನೆಗೆ ಕುದುರೆ ಬಂತು. ಕುರಿ ಅದಕ್ಕೂ, "ಬೆಣ್ಣೆ ಹಾಗಿದೆ," ಅಂತು. ಸಾಲಾಗಿ ನಿಂತ ನಾಲ್ವರನ್ನೂ ನೋಡಿತು. "ಅಷ್ಟು ರುಚಿಯಾಗಿದ್ರೆ ಒಬ್ಬರೂ ನಗ್ತಾ ಇಲ್ಲವಲ್ಲ, ಯಾಕೆ?" ಅಂತ ಒಳಗೆ ಇಣುಕಿತು. ಗಿಣ್ಣು ನೋಡಿತು, ಗಿಣ್ಣಿನ ತುಂಬ ಹಲ್ಲು ನೋಡಿತು. ಮೇಲ್ದುಟಿ ಎತ್ತಿಕೊಂಡು ಹೀ ಹೀ ಹೀ ಅಂತ ನಕ್ಕಿದ್ದೇ ನಕ್ಕಿದ್ದು.

ನಗುವವರು ನಕ್ಕರು, ಹಸಿವು ಬೆಳ್ಳಿಯದು. ಹುಲ್ಲು ಕಡಿಯಲು ಬರದು. ನಾಲಿಗೆ ಸುತ್ತಿ ಕಿತ್ತು ನುಂಗಿದರೆ ಹೊಟ್ಟೆನೋವು. ಹಾಲು ಬತ್ತಿತು. ಕರು ಕೆಚ್ಚಲನ್ನು ಗುದ್ದಿ ಗುದ್ದಿ, "ಅವ್ವಾ, ಬರ್ತಾ ಇಲ್ಲ!" ಅಂತ ಅತ್ತಿತು. ಆ ಅಳು ಕೇಳಿದಾಗ ಬೆಳ್ಳಿಯ ಜಂಬವೆಲ್ಲ ಇಳಿಯಿತು.

"ಯವ್ವಾ, ತಪ್ಪಾಯ್ತು. ನನ್ನ ಕೂಸು ಉಪವಾಸ ಬಿದ್ದಿದೆ."

ಸಣ್ಣಕ್ಕ ಬೈಯಲಿಲ್ಲ. ಗಡಿಗೆಯಿಂದ ನೆನೆದ ಗಿಣ್ಣು ತೆಗೆದು ಅವಳ ಬಾಯಿಗಿಟ್ಟಳು. ಹಲ್ಲಿಲ್ಲದ ವಸಡಿಗೂ ಅದು ಕರಗಿಹೋಯಿತು.

"ಕಲ್ಲಿನಂಥಾ ಗಿಣ್ಣು ನೆನೆದರೆ ಹೀಗಾಗುತ್ತೆ. ಹುಲ್ಲು ಆಗಲ್ವಾ? ನೆನೆಹಾಕು, ಆಮೇಲೆ ಅಗಿ. ದವಡೆಹಲ್ಲು ಇನ್ನೂ ಇದೆಯಲ್ಲ."

"ಅಷ್ಟು ಹುಲ್ಲಿಗೆ ಗಡಿಗೆ ಎಲ್ಲಿ?"

"ಇಷ್ಟು ದೊಡ್ಡ ಹೊಟ್ಟೆ ಇಟ್ಕೊಂಡು ಗಡಿಗೆ ಕೇಳ್ತೀಯಲ್ಲೇ! ನುಂಗು, ಒಳಗೆ ನೆನೆಯಲಿ, ಮತ್ತೆ ಬಾಯಿಗೆ ತಂದುಕೊಂಡು ಅಗಿ."

"ನುಂಗಿದ್ದನ್ನ ವಾಪಸ್ ತರೋದಾ? ಛೀ, ಹೇಸಿಗೆ!"

"ಹಲ್ಲಿರೋರು ಹೇಸಿಕೊಳ್ಳಲಿ. ನೀನು ಸುಮ್ಮನೆ ತಾ."

ಬೆಳ್ಳಿ ತಂದಳು, ಕಣ್ಣು ಮುಚ್ಚಿ ಅಗಿದಳು. ಆಹಾ! ಹುಲ್ಲಿಗೆ ಇಷ್ಟು ರುಚಿಯಿದೆಯೆಂದು ಗುಳುಮ್ಮನೆ ನುಂಗುವಾಗ ಗೊತ್ತೇ ಆಗಿರಲಿಲ್ಲ. ಸಂಜೆಯ ಹೊತ್ತಿಗೆ ಕೆಚ್ಚಲು ತುಂಬಿತು, ಕರುವಿನ ಮೂತಿಗೆಲ್ಲ ನೊರೆ.

ಸಣ್ಣಕ್ಕ ಆ ಮಳೆಗಾಲವೆಲ್ಲ ಗಿಣ್ಣು ನೆನೆಹಾಕಿ ಹಂಚಿದಳು, ಬೆಳ್ಳಿಗೂ ಒಂದು ಪಾಲು ಇಟ್ಟಳು. ಮಾಳಪ್ಪ ಹಲ್ಲು ನೆಟ್ಟ ಆ ಮುದ್ದೆಯನ್ನು ಬಾಗಿಲು ಮುಚ್ಚಿಕೊಳ್ಳದ ಹಾಗೆ ಒತ್ತು ಕೊಟ್ಟು ಇಟ್ಟುಕೊಂಡ. ನಿದ್ದೆಗಣ್ಣಲ್ಲಿ ಎಡವಿದಾಗಲೆಲ್ಲ ಅದು ಅವನ ಹೆಬ್ಬೆರಳು ಕಚ್ಚುತ್ತಿತ್ತಂತೆ. ಗಾಳಿಯನ್ನು ಮಾತ್ರ ಯಾರಿಗೂ ಹಿಡಿಯಲಾಗಲಿಲ್ಲ. ಕುದುರೆ ಈಗಲೂ ಏನಾದರೂ ಮೂಸಿದರೆ ಆ ಗಿಣ್ಣು ನೆನಪಾಗಿ ತುಟಿ ಎತ್ತಿ ನಗುತ್ತದೆ. ಹಸು, ಮೇಕೆ, ಕುರಿ ಒಂದೊಂದಾಗಿ ಬಂದು ಬೆಳ್ಳಿಯ ಹತ್ತಿರ ಮೆಲುಕು ಹಾಕುವುದನ್ನು ಕಲಿತವು. ಅದಕ್ಕೇ ಮಕ್ಕಳೇ, ಕೊಟ್ಟಿಗೆಯ ಎಮ್ಮೆಗೆ ಇವತ್ತಿಗೂ ಮುಂದೆ ಮೇಲ್ಹಲ್ಲಿಲ್ಲ, ಎದುರಿಗೆ ಹುಲ್ಲಿನ ಎಸಳೂ ಇಲ್ಲದಾಗ ಅದು ಕಣ್ಣು ಮುಚ್ಚಿ ಅಗಿಯುತ್ತಾ ಕೂತಿದ್ದರೆ ಬೆಳಿಗ್ಗೆ ನೆನೆಹಾಕಿದ್ದು ಈಗ ಮೆತ್ತಗಾಗಿದೆ ಅಂತ ತಿಳಿದುಕೊಳ್ಳಿ.