ಐದು ಡಿಸ್ಕ್ ಕೆಟ್ಟ ದಿನ

ಐದನೆಯ ಡಿಸ್ಕೂ ಕೆಟ್ಟಿತು. ಟ್ರೇ ತಾನಾಗಿ ಹೊರಗೆ ಬಂತು. ಡಿಸ್ಕ್ ತಯಾರಿಸಲು ಆಗಲಿಲ್ಲ ಎಂದು ಕಂಪ್ಯೂಟರ್ ಮತ್ತೆ ತೋರಿಸಿತು.

ಅದು ನೇಕಾರರ ಸಂಘದ ಕಚೇರಿ. ಅಲ್ಲಿದ್ದದ್ದು ಒಂದೇ ಕಂಪ್ಯೂಟರ್. ಊರಿನ ಇನ್ನೂರು ಮಗ್ಗಗಳಿಗೆ ಬೇಕಾದ ದಡಿಯ ಚಿತ್ರ, ಸೆರಗಿನ ಚಿತ್ರ ಎಲ್ಲ ಅದರಲ್ಲೇ ಆಗಬೇಕು. ಒಂದು ವಾರದಿಂದ ಅದು ಬೆಳಿಗ್ಗೆ ಸರಿಯಾಗಿ ಚಾಲೂ ಆಗುತ್ತಿರಲಿಲ್ಲ. ರಿಪೇರಿ ಮಾಡುವ ದಸ್ತಗೀರ ಪರ ಊರಿನಲ್ಲಿದ್ದ. ಫೋನಿನಲ್ಲಿ ಹೇಳಿದ್ದ:

“ಅದು ಪೂರಾ ಮಲಗೂದ್ರಾಗ ಒಂದು ರಿಪೇರಿ ಡಿಸ್ಕ್ ಮಾಡಿ ಇಟ್ಕೊಳ್ರಿ. ಮಲಗಿದ್ರ ಆ ಡಿಸ್ಕ್ ಹಾಕಿ ಎಬ್ಬಸ್ತೀನಿ.”

ಕಂಪ್ಯೂಟರಿನ ಮುಂದೆ ಇಂದುಮತಿ ಕೂತಿದ್ದಳು. ಎಂಟು ವರ್ಷದಿಂದ ಸಂಘಕ್ಕೆ ಚಿತ್ರ ತೆಗೆಯುವವಳು ಅವಳೇ. ಅವಳ ಬೆನ್ನ ಹಿಂದೆ ಸಂಘದ ಅಧ್ಯಕ್ಷ ಸಂಗನಬಸಪ್ಪನವರು ನಿಂತಿದ್ದರು. ಅಂದು ತಿಂಗಳ ಸಭೆ. ನಲವತ್ತು ಜನ ನೇಕಾರರು ಚಾಪೆಯ ಮೇಲೆ ಕೂತು ನೋಡುತ್ತಿದ್ದರು.

“ಡಿಸ್ಕ್ ಬದಲಿ ಮಾಡು” ಎಂದರು ಅಧ್ಯಕ್ಷರು.

“ಮಾಡೀನ್ರಿ ಕಾಕಾರ. ಎರಡು ಅಂಗಡ್ಯಾಗಿನವು ಹಾಕಿ ನೋಡೀನಿ.”

“ಬಂದ್ ಮಾಡಿ ಚಾಲೂ ಮಾಡು.”

“ಅದನ್ನೂ ಮಾಡೀನ್ರಿ. ಡಿಸ್ಕಿನ ತಪ್ಪಲ್ಲ ಅನಸ್ತೈತಿ. ಒಳಗ ಏನೋ ಆಗೈತಿ. ಬಿಚ್ಚಿ ನೋಡಬೇಕ್ರಿ.”

“ಬಿಚ್ಚೂದೇನೂ ಬ್ಯಾಡ. ಮಾಡು.”

ಚಾಪೆಯ ಮೇಲಿದ್ದ ಪರಪ್ಪ ಎಂಬ ನೇಕಾರ ಹೇಳಿದ: “ಅಧ್ಯಕ್ಷರ, ಐದು ನುಂಗೈತಿ. ಇನ್ನೊಂದು ಕೊಡ್ರಿ. ಅರ್ಧ ಡಜನ್ ಆಗ್ಲಿ, ಹೊಟ್ಟಿ ತುಂಬ್ತೈತಿ.”

ಎಲ್ಲರೂ ನಕ್ಕರು. ಸಂಗನಬಸಪ್ಪನವರಿಗೆ ತಮ್ಮ ಎದುರು ಯಾರಾದರೂ ನಕ್ಕರೆ ಆಗುತ್ತಿರಲಿಲ್ಲ. ಅವರು ಇಂದುಮತಿಯ ಕಡೆ ಕೈ ತೋರಿಸಿದರು.

“ಮಿಷನ್ ಏನ್ ಮಾಡ್ತೈತಿ ಪಾಪ. ಈಕೀ ಕೈಗುಣ ಛಲೋ ಇಲ್ಲ. ಈಕಿ ಮುಟ್ಟಿದ್ದೆಲ್ಲಾ ಹಿಂಗ.”

ನಗು ನಿಂತಿತು. ಇಂದುಮತಿ ಆರನೆಯ ಡಿಸ್ಕನ್ನು ಎತ್ತಿಕೊಂಡಿದ್ದಳು. ಅದನ್ನು ಮೇಜಿನ ಮೇಲೆ ಇಟ್ಟಳು. ಎರಡೂ ಕೈಗಳನ್ನು ಮಡಿಲಿಗೆ ತೆಗೆದುಕೊಂಡಳು.

ಆ ಮಾತು ಸಂಜೆಯೊಳಗೆ ನೇಕಾರರ ಓಣಿಗಳನ್ನೆಲ್ಲ ಸುತ್ತಿ ಬಂತು.

ಎರಡು ದಿನ ಬಿಟ್ಟು ಪರಪ್ಪ ಕಚೇರಿಗೆ ಬಂದ. ಇಂದುಮತಿ ಅಲ್ಲೇ ಇದ್ದಳು. ಅವನು ಅಧ್ಯಕ್ಷರ ಹತ್ತಿರ ಹೋಗಿ ದನಿ ತಗ್ಗಿಸಿ ಹೇಳಿದ: “ಮಗಳ ಮದುವಿ ಸೀರಿ ನೇಯಬೇಕ್ರಿ. ದಡಿ ಚಿತ್ರಾ ಬ್ಯಾರೇದವರ ಕೈಲೆ ತಗಸ್ತೀನಿ. ಆಕೀಗೆ ಏನೂ ಅನಕೋಬ್ಯಾಡ ಅಂತ ಹೇಳ್ರಿ. ನೀವ ಅಂದ್ರಲ್ಲ ಅವತ್ತ.”

ಸಂಗನಬಸಪ್ಪನವರು ಹ್ಞೂಂ ಎಂದರು. ಇಂದುಮತಿಗೂ ಅದು ಕೇಳಿಸಿತು.

ಅವನ ಹಿಂದೆ ಇನ್ನಿಬ್ಬರು ಅದನ್ನೇ ಹೇಳಿ ಹೋದರು.

ಮರುದಿನ ದಸ್ತಗೀರ ಊರಿಗೆ ಬಂದ. ಟ್ರೇ ಇದ್ದ ಪೆಟ್ಟಿಗೆಯನ್ನು ಕಳಚಿ ಮೇಲಿನ ತಗಡು ತೆಗೆದ. ಒಳಗೆ ನೋಡಿ ಸುಮ್ಮನೆ ನಕ್ಕ.

“ಇಲ್ಲಿ ಬರ್ರಿ ಅಧ್ಯಕ್ಷರ. ಡಿಸ್ಕಿನ ಮ್ಯಾಲೆ ಬರಿಯೂ ಕಣ್ಣು ಇದು. ಕಣ್ಣಾಗ ಕುಂಕುಮ ತುಂಬ್ಯಾರ. ಇನ್ನ ಅದಕ್ಕ ಹೆಂಗ ಕಾಣಬೇಕು?”

ಸಂಗನಬಸಪ್ಪನವರು ಬಗ್ಗಿ ನೋಡಿದರು. ಸಣ್ಣ ಗಾಜಿನ ಮೇಲೆ ಕೆಂಪು ಪುಡಿ ಅಂಟಿತ್ತು. ಒಂದು ಅಕ್ಷತೆಯ ಕಾಳೂ ಇತ್ತು.

ಅವರಿಗೆ ತಕ್ಷಣ ತಿಳಿಯಿತು. ಹಿಂದಿನ ತಿಂಗಳು ದಸರೆಯ ಖಂಡೇಪೂಜೆ, ಅಂದರೆ ಆಯುಧಪೂಜೆ. ಮಗ್ಗ, ಕತ್ತರಿ, ತಕ್ಕಡಿ ಎಲ್ಲಕ್ಕೂ ಕುಂಕುಮ ಹಚ್ಚಿದ್ದರು. ಕಂಪ್ಯೂಟರಿಗೂ ಹಚ್ಚಿದರು. ಅಷ್ಟಕ್ಕೇ ಬಿಡಲಿಲ್ಲ. ಯಂತ್ರದ ಬಾಯಿಗೂ ಪೂಜೆಯಾಗಲಿ ಎಂದು ತಾವೇ ಗುಂಡಿ ಒತ್ತಿ ಟ್ರೇ ತೆರೆದರು. ಒಂದು ಚಿಟಿಕೆ ಕುಂಕುಮ, ಒಂದಿಷ್ಟು ಅಕ್ಷತೆ ಹಾಕಿದರು. ತಮ್ಮ ಬೆರಳಿನಿಂದಲೇ ಒಳಗೆ ತಳ್ಳಿದರು. ಆ ಹೊತ್ತಿನಲ್ಲಿ ಆರತಿ ತಟ್ಟೆ ಹಿಡಿದು ಪಕ್ಕದಲ್ಲಿ ನಿಂತಿದ್ದವಳು ಇಂದುಮತಿ ಒಬ್ಬಳೇ.

ದಸ್ತಗೀರ ಹತ್ತಿಯಿಂದ ಗಾಜನ್ನು ಒರೆಸಿದ. ಪೆಟ್ಟಿಗೆಯನ್ನು ಜೋಡಿಸಿದ. ಖಾಲಿ ಡಿಸ್ಕ್ ಹಾಕಿದ. ಹತ್ತು ನಿಮಿಷದಲ್ಲಿ ರಿಪೇರಿ ಡಿಸ್ಕ್ ಆಯಿತು. ಮೊದಲ ಸಲಕ್ಕೇ ಆಯಿತು.

“ಯಾರ್ರೀ ಕುಂಕುಮ ತುಂಬಿದ ಪುಣ್ಯಾತ್ಮರು?”

“ಗೊತ್ತಿಲ್ಲ” ಎಂದರು ಸಂಗನಬಸಪ್ಪನವರು.

ಹೇಳಿ ತಿರುಗಿದರು. ಬಾಗಿಲಲ್ಲಿ ಇಂದುಮತಿ ನಿಂತಿದ್ದಳು. ಅವಳು ಎಲ್ಲ ಕೇಳಿದ್ದಳು. ತಲೆ ತಗ್ಗಿಸಿಕೊಂಡು ತನ್ನ ಕುರ್ಚಿಗೆ ಹೋಗಿ ಕೂತಳು. ಅವಳು ಎದುರು ಮಾತಾಡಿದ್ದರೆ ಅವರಿಗೆ ಅಷ್ಟು ಕಷ್ಟವಾಗುತ್ತಿರಲಿಲ್ಲ.

ಅಂದಿನಿಂದ ಅವರು ಹಿಂಬಾಗಿಲಿನಿಂದ ಕಚೇರಿಗೆ ಬರತೊಡಗಿದರು. ಮುಂಬಾಗಿಲಿನಿಂದ ಬಂದರೆ ಅವಳ ಮೇಜನ್ನು ದಾಟಬೇಕು. ಅವಳ ಹತ್ತಿರ ಕೆಲಸವಿದ್ದರೆ ಚೀಟಿ ಬರೆದು ಕಳಿಸುತ್ತಿದ್ದರು. ಹೇಳಬೇಕಾದದ್ದು ಒಂದೇ ಮಾತು. ಅದನ್ನು ಮನಸ್ಸಿನಲ್ಲಿ ನೂರು ಸಲ ಹೇಳಿಕೊಂಡರು. ಅರವತ್ತೆಂಟು ವರ್ಷದ ಮನುಷ್ಯ, ಊರಿಗೆ ಹಿರಿಯ, ಮಗಳ ವಯಸ್ಸಿನವಳ ಮುಂದೆ ತಪ್ಪಾಯಿತು ಅನ್ನುವುದು ಹೇಗೆ?

ಕೊನೆಗೆ ಅವರಿಗೆ ಒಂದು ದಾರಿ ಹೊಳೆಯಿತು. ಮುಂದಿನ ಸಭೆಯಲ್ಲಿ ಇಂದುಮತಿಗೆ ಸನ್ಮಾನ ಮಾಡುವುದು.

ಶಾಲು ತರಿಸಿದರು. ಹಾರ ತರಿಸಿದರು. ಬುಟ್ಟಿಯಲ್ಲಿ ಹಣ್ಣು ಇಡಿಸಿದರು. ಅದೇ ನಲವತ್ತು ಜನ ಅದೇ ಚಾಪೆಯ ಮೇಲೆ ಕೂತರು. ಅಧ್ಯಕ್ಷರು ಎದ್ದು, ಎಂಟು ವರ್ಷ ನಿಷ್ಠೆಯಿಂದ ದುಡಿದ ಹೆಣ್ಣುಮಗಳು ಎಂದು ಹೊಗಳಿದರು. ಅವಳನ್ನು ಕುರ್ಚಿಯಲ್ಲಿ ಕೂಡಿಸಿ ಹೆಗಲಿಗೆ ಶಾಲು ಹೊದಿಸಿದರು. ಜನ ಚಪ್ಪಾಳೆ ತಟ್ಟಿದರು.

ಚಪ್ಪಾಳೆ ನಿಂತ ಮೇಲೆ ಇಂದುಮತಿ ಎದ್ದು ನಿಂತಳು.

“ಕಾಕಾರ, ನನಗ ಸನ್ಮಾನ ಬ್ಯಾಡ್ರಿ. ಅವತ್ತ ಎಲ್ಲಾರ ಮುಂದ ಒಂದು ಮಾತು ಅಂದ್ರಿ. ಅದನ್ನ ಎಲ್ಲಾರ ಮುಂದ ವಾಪಸ್ ತಗೋರಿ. ಅಷ್ಟ ಸಾಕು.”

ಅವಳು ಕುಂಕುಮದ ಹೆಸರು ಎತ್ತಲಿಲ್ಲ. ಅದನ್ನು ಹೇಳುವುದನ್ನು ಅವರಿಗೇ ಬಿಟ್ಟಿದ್ದಳು.

ಸಂಗನಬಸಪ್ಪನವರು ಬಾಯಿ ತೆರೆದರು. ನಲವತ್ತು ಮುಖಗಳನ್ನು ನೋಡಿದರು.

“ಆದದ್ದು ಆಗಿಹೋತು, ಇಂದೂ. ದೊಡ್ಡ ಮನಸ್ಸು ಮಾಡು. ಶಾಲು ಹೊತ್ಕೊ.”

“ಹೊತ್ಕೊಂಡ್ರ ಪರಪ್ಪ ಕಾಕಾ ಮಗಳ ಸೀರಿ ದಡಿ ಚಿತ್ರಾ ನನ್ನ ಕೈಲೆ ತಗಸ್ತಾರೇನ್ರಿ?”

ಪರಪ್ಪ ಕಿಟಕಿಯ ಕಡೆ ನೋಡಿದ. ಇಂದುಮತಿ ಶಾಲನ್ನು ತೆಗೆದು ನಾಲ್ಕು ಮಡಿಕೆ ಮಾಡಿದಳು. ಮೇಜಿನ ಮೇಲೆ ಇಟ್ಟು ಹೋದಳು.

ಆ ತಿಂಗಳೇ ಅವಳು ಪಕ್ಕದ ಊರಿನ ಸಂಘಕ್ಕೆ ಕೆಲಸಕ್ಕೆ ಸೇರಿದಳು. ಸಂಗನಬಸಪ್ಪನವರು ಇನ್ನೂ ಮೂರು ವರ್ಷ ಅಧ್ಯಕ್ಷರಾಗಿದ್ದರು. ಆ ಮೂರು ವರ್ಷದಲ್ಲಿ ಮೂವತ್ತಾರು ಸಭೆಗಳಾದವು. ಒಂದರಲ್ಲೂ ಅವರು ಆ ಮಾತನ್ನು ಹಿಂದಕ್ಕೆ ತೆಗೆದುಕೊಳ್ಳಲಿಲ್ಲ.

ನೀತಿ: ತಪ್ಪು ಹುಡುಕುವವನು ಮೊದಲು ತಾನು ಏನು ಮಾಡಿದೆ ಎಂದು ನೋಡಬೇಕು. ನಾಲ್ಕು ಜನರ ಮುಂದೆ ಒಬ್ಬರ ಹೆಸರು ಕೆಡಿಸಿದರೆ, ತಪ್ಪು ನನ್ನದು ಎಂದು ಆ ನಾಲ್ಕು ಜನರ ಮುಂದೆಯೇ ಹೇಳಬೇಕು. ಅದರ ಬದಲು ಏನು ಕೊಟ್ಟರೂ ಸಲ್ಲುವುದಿಲ್ಲ.