ಮುರಿಗೆಪ್ಪ ಬಣ್ಣ ಇಳಿಸಿದ್ದು

ಕೇಳಿ ಮತ್ತೆ, ನಗುವುದಿದ್ದರೆ ಜೋರಾಗಿಯೇ ನಗಿ. ಈ ಕತೆಯ ಪೆದ್ದ ಪರವೂರಿನವನಲ್ಲ, ನಿಮ್ಮ ಮುಂದೆ ಕೂತಿರುವ ಈ ಮುರಿಗೆಪ್ಪನೇ. ವಯಸ್ಸು ನಲವತ್ತೆರಡು, ಬುದ್ಧಿ ಇನ್ನೂ ಬರಬೇಕು. ನಮ್ಮವ್ವ ನೀಲಾಂಬಿಕಾ ಕೆಮಿಸ್ಟ್ರಿ ಓದಿದಾಕೆ. ಬ್ಯಾಡಗಿ ಪೇಟೆಯ ಹಿಂದೆ ಖಾರದ ಪುಡಿ ಪರೀಕ್ಷೆ ಮಾಡುವ ಪುಟ್ಟ ಲ್ಯಾಬು ಆಕೆಯದು. ಪುಡಿಯ ಬಣ್ಣ ತೆಗೆಯಲು ಹೆಕ್ಸೇನ್ ಎಂಬ ಘಾಟಿನ ದ್ರಾವಕ ಬಳಸಿ ಬಳಸಿ ತಲೆಶೂಲೆ ಹತ್ತಿ, ಸೂರ್ಯಕಾಂತಿ ಎಣ್ಣೆಯಲ್ಲೇ ಬಣ್ಣ ಇಳಿಸುವ ಹಸಿರು ಪದ್ಧತಿ ಶುರು ಮಾಡಿದಳು. ಸರ್ಕಾರದ ಸಾಹೇಬರು ಬಂದು ನೋಡಿ ಒಪ್ಪಬೇಕು. ಒಪ್ಪದಿದ್ದರೆ ಲ್ಯಾಬು ಮುಚ್ಚಿದಂತೆಯೇ.

"ಮುರಿಗ್ಯಾ, ಇನ್ನ ಆ ವಿಷ ಬ್ಯಾಡ. ತಿನ್ನೂ ಎಣ್ಣೀನ ಹಾಕು!" ಅಂದಳು.

ಹಾಕಿದೆ. ಬಣ್ಣವೆಲ್ಲ ಇಳಿದು ಎಣ್ಣೆ ಕೆಂಪಗಾಯಿತು. ತಿನ್ನುವ ಎಣ್ಣೆಯಲ್ಲವೇ? ನಾಲ್ಕು ರೊಟ್ಟಿಗೆ ಹಚ್ಚಿಕೊಂಡು ತಿಂದೆ!

"ಅಯ್ಯ ನನ್ನ ಕರ್ಮವೇ! ಪರೀಕ್ಷಾಕ್ಕ ಇಟ್ಟದ್ದನ್ನ ನುಂಗಿದ್ಯಲ್ಲೋ! ನೀರು ಹಾಕಬೇಕು, ಎಣ್ಣಿ ನೀರು ಎರಡೂ ಬ್ಯಾರೆ ಆಗೂತನಕ ಕೈ ಹಚ್ಚದ ನೋಡ್ಕೋತ ಕುಂದ್ರಬೇಕು!"

"ಆತವ್ವಾ!"

ಮರುದಿನ ನಮ್ಮ ಕಟ್ಟೆಯ ಮೇಲೆ ಇಬ್ಬರು ದಲಾಲರು ಕೈ ಕೈ ಮಿಲಾಯಿಸಿದರು. ಒಬ್ಬನ ಅಂಗಿ ಹರಿಯಿತು, ಇನ್ನೊಬ್ಬನ ಹಲ್ಲು ಬಿತ್ತು. ನಾನು ಎರಡು ಕೊಡ ನೀರು ಸುರಿದೆ, ಕೈ ಹಚ್ಚದೆ ನೋಡುತ್ತ ಕೂತೆ!

"ಬುದ್ಧಿಗೇಡಿ! ನಡುವ ಹೋಗಿ ಎರಡೂ ಕಡಿಯವರನ್ನ ಒಂದು ಮಾಡಬಾರದೇನೋ!"

"ಆತವ್ವಾ!"

ಸಾಹೇಬರು ಬಂದರು. ಗಾಜಿನ ಬುರುಡೆಯಲ್ಲಿ ಮೇಲೆ ಕೆಂಪೆಣ್ಣೆ, ಕೆಳಗೆ ನೀರು, ನಡುವೆ ಗೆರೆ ಎಳೆದಂತೆ. ಅವ್ವ ಚಹಾ ತರಲು ಒಳಗೆ ಹೋದಳು. ಪಾಪ, ಎರಡೂ ಮಾತು ಬಿಟ್ಟವರ ಹಾಗೆ ಕಂಡವು. ಒಂದು ಮಾಡಿದೆ! ಸೋಪಿನ ನೀರು ಸುರಿದು ಗಡಗಡ ಅಲುಗಾಡಿಸಿದೆ. ಎಲ್ಲ ಕೂಡಿ ಗುಲಾಬಿ ಲಸ್ಸಿ!

ಅವ್ವ ಅತ್ತೇಬಿಟ್ಟಳು. ಆದರೆ ಆಕೆ ಗಟ್ಟಿಗಿತ್ತಿ. ಕಣ್ಣೊರೆಸಿಕೊಂಡು ಒಂದು ಹಿಡಿ ಉಪ್ಪು ಹಾಕಿ ಕಾದಳು. ಮಧ್ಯಾಹ್ನದ ಹೊತ್ತಿಗೆ ಎಣ್ಣೆ ಬೇರೆ, ನೀರು ಬೇರೆ.

"ಇಂಥಾ ಮಗನ್ನ ಕಟ್ಕೊಂಡೂ ಪರೀಕ್ಷಾ ಮಾಡ್ತೀರಲ್ರೀ ಅಮ್ಮಾರ! ನಿಮಗಲ್ಲದ ಇನ್ಯಾರಿಗೆ ಕೊಡ್ಲಿ!" ಎಂದ ಸಾಹೇಬರು ಒಪ್ಪಿಗೆ ಪತ್ರಕ್ಕೆ ಸಹಿ ಹಾಕಿ, ನೇರಳೆ ಸೀಲು ಒತ್ತಿ ಕೊಟ್ಟರು.

"ಮುರಿಗ್ಯಾ, ಇದು ನನ್ನ ಜೀವ ಅಂತ ತಿಳಕೋ. ಒಂದು ಹನಿ ನೀರೂ ತಾಗಬಾರದು!" ಎಂದು ಅವ್ವ ಅವರನ್ನು ಬಸ್ಸು ಹತ್ತಿಸಲು ಹೋದಳು.

ನೀರು ಯಾವುದರೊಳಗೆ ಸೇರುವುದಿಲ್ಲ ಅಂತ ಕಣ್ಣಾರೆ ಕಂಡಿದ್ದೆನಲ್ಲ! ಪತ್ರವನ್ನು ಎಣ್ಣೆ ಡಬ್ಬಿಯಲ್ಲಿ ಪೂರ್ತಿ ಮುಳುಗಿಸಿ, ಮುಚ್ಚಳ ಬಿಗಿದು ಇಟ್ಟೆ.

ಅವ್ವ ಬಂದು ಮುಚ್ಚಳ ತೆಗೆದಳು. ಸೀಲಿಲ್ಲ, ಸಹಿಯಿಲ್ಲ, ಕಾಗದ ಬೋಳು. ಎಣ್ಣೆ ಮಾತ್ರ ನೇರಳೆ.

"ನೋಡವ್ವಾ!" ಅಂದೆ. "ಹನಿ ನೀರು ತಾಗಿಲ್ಲ, ಹೆಕ್ಸೇನೂ ಹಾಕಿಲ್ಲ. ಬಣ್ಣಾನ ಒಂದು ಚೂರೂ ಉಳೀದಂಗ ಇಳಿಸೇನಿ!"