ಕ್ಷೌರಿಕನ ಕೆನ್ನೆಯ ಕಲೆ

"ಗುರುಗಳೇ, ಏನು ಹಚ್ಚಿದರೂ ಹೋಗದ ಕಲೆಗೆ ಮದ್ದು ಯಾವುದು?"

ಕೇಳಿದವನು ಶಿಷ್ಯ ಮುರಿಗಯ್ಯ. ಮಠದ ಅಡುಗೆಮನೆಯಲ್ಲಿ ಕಾದ ಎಣ್ಣೆ ಸಿಡಿದು ಅವನ ಮುಖ ಸುಟ್ಟಿತ್ತು. ಗಾಯ ಮಾಯಿತು, ಕಲೆ ಉಳಿಯಿತು. ಮಕ್ಕಳಿಗೆ ಓದು ಕಲಿಸಲು ಒಬ್ಬರನ್ನು ಕಳಿಸಿಕೊಡಿ ಎಂದು ಹೊಳೆಯಾಚೆಯ ಊರಿನವರು ಬಂದು ಕೇಳಿದಾಗ ಗುರುಗಳು ಇವನ ಹೆಸರನ್ನೇ ಹೇಳಿದ್ದರು. ಅಂದಿನಿಂದ ಅವನು ಮೇಲುವಸ್ತ್ರವನ್ನು ಕಿವಿಯಿಂದ ಗದ್ದದವರೆಗೆ ಎಳೆದುಕೊಂಡೇ ತಿರುಗುತ್ತಿದ್ದ.

"ಇದು ಹೋಗುವವರೆಗೆ ಬೇರೆ ಯಾರನ್ನಾದರೂ ಕಳಿಸಿ. ನನ್ನನ್ನು ಕಂಡರೆ ಮಕ್ಕಳು ಹೆದರಿ ಓಡುತ್ತಾರೆ" ಎಂದ.

ಗುರುಗಳು ಅವನನ್ನು ಎದುರಿಗೆ ಕೂರಿಸಿಕೊಂಡರು. "ಮದ್ದಿನ ಮಾತು ಬಂದಾಗ ಒಬ್ಬ ಕ್ಷೌರಿಕನ ನೆನಪಾಗುತ್ತದೆ. ನಿನಗಿಂತ ಹೆಚ್ಚು ವೈದ್ಯರ ಮನೆ ಕಂಡವನು. ಅವನ ಕತೆ ಕೇಳು" ಎಂದರು.

ಒಂದು ಊರಿನಲ್ಲಿ ಒಬ್ಬ ಕ್ಷೌರಿಕನಿದ್ದ. ಕೆಲಸದಲ್ಲಿ ಎತ್ತಿದ ಕೈ. ಒಂದು ದಿನ ಬಾವಿಯಲ್ಲಿ ನೀರು ಸೇದುವಾಗ ರಾಟೆಯ ಕೊಂಡಿ ಕಳಚಿ ಬಂದು ಅವನ ಎಡಗೆನ್ನೆಯನ್ನು ಸೀಳಿತು. ಗಾಯ ಕೂಡಿಕೊಂಡಿತು. ಆದರೆ ಕೂಡಿಕೊಂಡ ಜಾಗ ದಪ್ಪಗೆ ಉಬ್ಬಿ, ಕೆಂಪಗೆ ಹೊಳೆಯುತ್ತಾ ಉಳಿಯಿತು.

ಬೇರೆ ಯಾರ ಮುಖದಲ್ಲಾದರೂ ಇದ್ದಿದ್ದರೆ ಊರು ಅಯ್ಯೋ ಪಾಪ ಎಂದು ಮರೆಯುತ್ತಿತ್ತು. ಇದ್ದದ್ದು ಕ್ಷೌರಿಕನ ಮುಖದಲ್ಲಿ. ಕತ್ತಿ ಹಿಡಿಯುವವನ ಕೆನ್ನೆಯಲ್ಲಿ ಗಾಯ ಕಂಡರೆ ಜನ ಬಾವಿಯ ರಾಟೆಯನ್ನು ನೆನೆಯುತ್ತಾರೆಯೇ? ಕಟ್ಟೆಯ ಮೇಲೆ ಕೂತವನೊಬ್ಬ ಎಲ್ಲರಿಗೂ ಕೇಳುವಂತೆ ಹೇಳಿದ: "ತನ್ನ ಮುಖಾನ ನೆಟ್ಟಗ ಇಟ್ಕೊಳ್ಳಲಾರದಾಂವ ನಮ್ಮ ಮುಖ ಬಿಟ್ಟಾನೇನು?"

ಎಲ್ಲರೂ ನಕ್ಕರು. ಮರುದಿನದಿಂದ ಒಬ್ಬೊಬ್ಬರೇ ಬರುವುದನ್ನು ಬಿಟ್ಟರು. ಮದುವಣಿಗರ ಕ್ಷೌರಕ್ಕೆ ಅವನಿಗೆ ಕರೆ ಬರಲಿಲ್ಲ. ಕೂಸುಗಳ ಜವಳಕ್ಕೂ, ಅಂದರೆ ಹುಟ್ಟುಗೂದಲು ತೆಗೆಯುವುದಕ್ಕೂ, ತಾಯಂದಿರು ಪಕ್ಕದ ಊರಿನವನನ್ನು ಕರೆಸಿದರು. ಇದೇ ಅವನಿಗೆ ಎಲ್ಲಕ್ಕಿಂತ ಹೆಚ್ಚು ನೋವು ಕೊಟ್ಟಿತು. ಊರಿನ ಅರ್ಧದಷ್ಟು ಮಕ್ಕಳ ಮೊದಲ ಕೂದಲು ತೆಗೆದ ಕೈ ಅವನದು.

ಅವನು ಅಂಗಡಿಯ ಬಾಗಿಲು ಹಾಕಿದ. "ಈ ಕಲೆ ಹೋದ ದಿನ ತೆಗೀತೀನಿ" ಎಂದು ಹೆಂಡತಿಗೆ ಹೇಳಿ ವೈದ್ಯರನ್ನು ಹುಡುಕಿಕೊಂಡು ಹೊರಟ.

ಮೊದಲನೆಯ ವೈದ್ಯ ಒಂದು ಲೇಪ ಕೊಟ್ಟು, ವರ್ಷವಿಡೀ ಹಚ್ಚು, ನಿಧಾನವಾಗಿ ತಿಳಿಯಾಗುತ್ತದೆ ಎಂದ. ಕ್ಷೌರಿಕ ಬೆಳಿಗ್ಗೆ ಹಚ್ಚುವನು, ಮಧ್ಯಾಹ್ನ ಕನ್ನಡಿ ನೋಡುವನು. ಎರಡು ವಾರವಾದರೂ ಕಲೆ ಹಾಗೆಯೇ ಇತ್ತು. ವೈದ್ಯನಿಗೇನೂ ತಿಳಿಯದು ಎಂದು ಲೇಪವನ್ನು ತಿಪ್ಪೆಗೆ ಎಸೆದ.

ಎರಡನೆಯವನು ಒರಟು ಎಲೆಯಿಂದ ಆ ಜಾಗವನ್ನು ಉಜ್ಜಿ, ಹೊಸ ಚರ್ಮ ಬರುವವರೆಗೆ ಮುಟ್ಟಬೇಡ ಎಂದ. ಮುಟ್ಟಬೇಡ ಎಂದರೆ ಕೈ ಸುಮ್ಮನಿರುತ್ತದೆಯೇ? ಹಕ್ಕಳೆ ಕಟ್ಟಿದ್ದನ್ನು ಕಿತ್ತು ನೋಡಿದ. ಕಲೆ ಮೊದಲಿಗಿಂತ ಕೆಂಪಗಾಯಿತು.

ಆಮೇಲೆ ಯಾವ ವೈದ್ಯನೂ ಬೇಡ, ಗಡ್ಡ ಬಿಟ್ಟು ಮುಚ್ಚಿಬಿಡುತ್ತೇನೆ ಎಂದುಕೊಂಡ. ಊರಿನ ಗಡ್ಡಗಳನ್ನೆಲ್ಲ ಬಲ್ಲವನಿಗೆ ತನ್ನದು ತಿಳಿಯದೆ ಹೋಯಿತು ನೋಡು. ಕಲೆಯ ಮೇಲೆ ಕೂದಲು ಹುಟ್ಟುವುದಿಲ್ಲ. ಸುತ್ತ ಗಡ್ಡ ಸೊಂಪಾಗಿ ಬೆಳೆಯಿತು, ನಡುವೆ ಕಲೆ ಹೊಲದ ನಡುವಿನ ಕಾಲುದಾರಿಯಂತೆ ಎದ್ದು ಕಂಡಿತು. ಗಡ್ಡ ಬಿಟ್ಟ ಕ್ಷೌರಿಕನನ್ನು ನೋಡಿ ಊರು ಬಿದ್ದು ಬಿದ್ದು ನಕ್ಕಿತು.

ಕೊನೆಗೆ ಅವನು ಒಬ್ಬ ಹಿರಿಯ ವೈದ್ಯನ ಬಳಿ ಹೋಗಿ, "ಇದನ್ನು ಕೊಯ್ದು ತೆಗೆದುಹಾಕಿ" ಎಂದು ಕೈಮುಗಿದ.

ವೈದ್ಯ ಹೆಬ್ಬೆರಳಿನಿಂದ ಕಲೆಯನ್ನು ಒತ್ತಿ ನೋಡಿದ. "ನಿನ್ನದು ಹಟಮಾರಿ ಚರ್ಮ. ಕೊಯ್ದರೆ ಎರಡರಷ್ಟಾಗಿ ಬಂದೀತು. ಬೆಚ್ಚಗಿನ ಹರಳೆಣ್ಣೆ ಹಚ್ಚಿ ದಿನಾ ಹೀಗೆ ಒತ್ತು. ಮೆತ್ತಗಾಗುತ್ತದೆ, ಸ್ವಲ್ಪ ಮಾಸುತ್ತದೆ, ಪೂರ್ತಿ ಹೋಗುವುದಿಲ್ಲ" ಎಂದ. ಕ್ಷೌರಿಕನ ಕಣ್ಣಲ್ಲಿ ನೀರು ಬಂತು. ವೈದ್ಯ ಅದನ್ನು ಕಂಡೂ ಮಾತು ಬದಲಿಸಲಿಲ್ಲ. "ಈ ಗಡ್ಡ ತೆಗೆ. ಎಣ್ಣೆ ಚರ್ಮಕ್ಕೆ ಹತ್ತಬೇಕು."

ಬೇರೆ ದಾರಿಯಿರಲಿಲ್ಲ. ಅವನು ದಿನಾ ಬೆಳಿಗ್ಗೆ ಕನ್ನಡಿಯ ಮುಂದೆ ಕೂತು ತನ್ನ ಗಡ್ಡ ತಾನೇ ತೆಗೆಯತೊಡಗಿದ. ಮೊದಲ ದಿನವೇ ಕತ್ತಿ ಕಲೆಯ ಅಂಚಿಗೆ ಸಿಕ್ಕಿ ರಕ್ತ ಬಂತು. ಮರುದಿನವೂ ಬಂತು. ನುಣುಪಾದ ಚರ್ಮದ ಮೇಲೆ ಆಡಿದ ಕೈ ಅದು, ಉಬ್ಬಿದ ಚರ್ಮದ ದಾರಿ ಅದಕ್ಕೆ ಗೊತ್ತಿರಲಿಲ್ಲ. ತಪ್ಪುತ್ತಾ ತಪ್ಪುತ್ತಾ ಕಲಿತ. ಬಿಸಿನೀರಿನ ಬಟ್ಟೆಯನ್ನು ಹೆಚ್ಚು ಹೊತ್ತು ಇಡಬೇಕು. ಹೆಬ್ಬೆರಳಿನಿಂದ ಉಬ್ಬನ್ನು ಒತ್ತಿ ಹಿಡಿಯಬೇಕು. ಕತ್ತಿಯನ್ನು ಮಲಗಿಸಿ, ಕಲೆಗೆ ಅಡ್ಡವಾಗಿ ಹೋಗದೆ ಅದರ ಉದ್ದಕ್ಕೇ ಹೋಗಬೇಕು. ಮಳೆಗಾಲ ಕಳೆಯುವ ಹೊತ್ತಿಗೆ ಅವನ ಮುಖದಲ್ಲಿ ಒಂದು ಹನಿ ರಕ್ತವೂ ಬರುತ್ತಿರಲಿಲ್ಲ. ಆದರೂ ಅಂಗಡಿಯ ಬಾಗಿಲು ಹಾಕಿಯೇ ಇತ್ತು.

ಹೀಗಿರುವಾಗ ಊರಿನ ದಳವಾಯಿಯ ಮಗಳ ಮದುವೆ ಬಂತು. ದಳವಾಯಿ ಕಾಳಗಗಳನ್ನು ಕಂಡ ಮನುಷ್ಯ. ಬಲಗೆನ್ನೆಯಲ್ಲಿ ಎರಡು, ಗದ್ದದ ಕೆಳಗೆ ಒಂದು, ದಪ್ಪ ದಪ್ಪ ಕಲೆಗಳು. ಯಾವ ಕ್ಷೌರಿಕ ಮುಟ್ಟಿದರೂ ರಕ್ತ ಬರುತ್ತಿದ್ದುದರಿಂದ ಅವನು ಕ್ಷೌರವನ್ನೇ ಬಿಟ್ಟಿದ್ದ. ಆದರೆ ಮಗಳನ್ನು ಧಾರೆ ಎರೆಯುವಾಗ ತಂದೆಯ ಮುಖ ಕ್ಷೌರವಾಗಿರಬೇಕು ಎಂಬುದು ಅವರ ಮನೆತನದ ಪದ್ಧತಿ. ಅಂದು ರಕ್ತ ಕಂಡರೆ ಅಪಶಕುನ. ಸುತ್ತಲಿನ ಕ್ಷೌರಿಕರೆಲ್ಲ ಹೊಟ್ಟೆನೋವು, ಮೈಬಿಸಿ ಎಂದು ನೆಪ ಹೇಳಿ ತಪ್ಪಿಸಿಕೊಂಡರು. ಉಳಿದವನು ಇವನೊಬ್ಬನೇ.

ಕರೆ ಬಂದಾಗ ಕ್ಷೌರಿಕ ಕೈಯಿಂದ ಕೆನ್ನೆ ಮುಚ್ಚಿಕೊಂಡ. "ಈ ಮುಖ ಇಟ್ಕೊಂಡು ಮದುವಿ ಮನಿಗೆ ಹೆಂಗ ಹೋಗಲಿ?" ಎಂದ.

ಹೆಂಡತಿ ಕತ್ತಿಗಳಿದ್ದ ಹಡಪವನ್ನು ತಂದು ಅವನ ಕೈಗೆ ಕೊಟ್ಟಳು. "ದಿನಾ ಮುಂಜಾನೆ ನಿಮ್ಮ ಮುಖದ ಮ್ಯಾಲ ಮಾಡೂದನ್ನ ಅವರ ಮುಖದ ಮ್ಯಾಲ ಮಾಡ್ರಿ. ಇನ್ನೇನೈತಿ ಅದರಾಗ?"

ಚಪ್ಪರದ ಕೆಳಗೆ ಬೀಗರು, ನೆಂಟರು, ಊರಿನವರು ಸೇರಿದ್ದರು. ಕಟ್ಟೆಯ ಮೇಲೆ ಕೂತು ನಕ್ಕಿದ್ದವನೂ ಇದ್ದ. ದಳವಾಯಿ ಕ್ಷೌರಿಕನನ್ನು ಹತ್ತಿರ ಕರೆದು ಮುಖ ನೋಡಿದ.

"ನಿನ್ನ ಗಡ್ಡಾ ಯಾರು ತೆಗೀತಾರೋ?"

"ನಾನ ತೆಕ್ಕೋತೀನ್ರಿ, ಧಣಿ."

ದಳವಾಯಿ ಬೆರಳು ಚಾಚಿ ಆ ಕಲೆಯ ಅಂಚನ್ನು ಮೇಲಿಂದ ಕೆಳಗೆ ಸವರಿದ. ಒಂದು ಗೀರಿಲ್ಲ, ಒಂದು ಕೂದಲಿಲ್ಲ. ಮಣೆಯ ಮೇಲೆ ಕೂತು, ಕಣ್ಣು ಮುಚ್ಚಿ, ಗದ್ದ ಎತ್ತಿ ಕೊಟ್ಟ.

ಕ್ಷೌರಿಕನ ಕೈಗೆ ದಾರಿ ಗೊತ್ತಿತ್ತು. ಹೆಬ್ಬೆರಳು ಒತ್ತಿತು, ಕತ್ತಿ ಮಲಗಿ ನಡೆಯಿತು. ಕೆಲಸ ಮುಗಿಸಿ ಅವನು ಹೊಸ ಬಿಳಿಯ ಬಟ್ಟೆಯನ್ನು ದಳವಾಯಿಯ ಮುಖದ ಮೇಲೆಲ್ಲ ಒತ್ತಿ, ಬಿಡಿಸಿ, ಎಲ್ಲರಿಗೂ ಕಾಣುವಂತೆ ಎತ್ತಿ ಹಿಡಿದ. ಬಟ್ಟೆ ಬೆಳ್ಳಗೇ ಇತ್ತು. ಊದುವವರು ಯಾರ ಅಪ್ಪಣೆಗೂ ಕಾಯದೆ ವಾಲಗ ಊದಿಬಿಟ್ಟರು. ಮಗಳು ಓಡಿ ಬಂದು ತಂದೆಯ ಮುಖವನ್ನು ಎರಡೂ ಕೈಯಲ್ಲಿ ಹಿಡಿದುಕೊಂಡಳು. ಅಪ್ಪನ ಮುಖವನ್ನು ಅವಳು ಪೂರ್ತಿ ನೋಡಿದ್ದು ಅದೇ ಮೊದಲು. ದಳವಾಯಿ ತನ್ನ ಶಾಲನ್ನು ತೆಗೆದು ಕ್ಷೌರಿಕನಿಗೆ ಹೊದಿಸಿದ.

ಅಂಗಡಿಯ ಬಾಗಿಲು ಮರುದಿನವೇ ತೆರೆಯಿತು. ಸಿಡುಬಿನ ಕುಳಿಗಳಿದ್ದವರು ಬಂದರು, ಬೆಂಕಿ ತಗುಲಿದವರು ಬಂದರು. ಯಾರ ಕೈಗೂ ಮುಖ ಕೊಡದೆ ಮೂಲೆಯಲ್ಲಿ ಉಳಿದವರೆಲ್ಲ ಗದ್ದ ಎತ್ತಿಕೊಂಡು ಬಂದರು. ಇಂಥ ಮುಖಗಳಿಗೇ ನೋವು ಮಾಡದ ಕೈ ನಮಗೆ ನೋವು ಮಾಡೀತೇ ಎಂದು ಉಳಿದವರೂ ಬಂದರು. ಕಟ್ಟೆಯ ಮೇಲಿನವನು ತನ್ನ ಮೊಮ್ಮಗನನ್ನು ತಾನೇ ಎತ್ತಿಕೊಂಡು ಜವಳಕ್ಕೆ ತಂದ. ಕ್ಷೌರಿಕ ಹಗೆ ಸಾಧಿಸಲಿಲ್ಲ. ಕೂಸನ್ನು ತೊಡೆಯ ಮೇಲೆ ಕೂರಿಸಿಕೊಂಡ.

ಗುರುಗಳು ಕತೆ ನಿಲ್ಲಿಸಿದರು. ಮುರಿಗಯ್ಯ ಮುಂದಕ್ಕೆ ಬಾಗಿ ಕೂತಿದ್ದ. ಮುಖ ಮುಚ್ಚಿದ್ದ ಮೇಲುವಸ್ತ್ರ ಯಾವಾಗಲೋ ಜಾರಿ ತೊಡೆಯ ಮೇಲೆ ಬಿದ್ದಿತ್ತು.

"ಗುರುಗಳೇ, ಆ ಕೂಸು ಹೆದರಿ ಅತ್ತಿತೇ?" ಎಂದು ಕೇಳಿದ.

"ಕತ್ತಿ ಕಂಡು ಅತ್ತಿತು. ಆಮೇಲೆ ಅವನ ಕೆನ್ನೆಯ ಉಬ್ಬನ್ನು ಪುಟ್ಟ ಬೆರಳಿನಿಂದ ಹಿಡಿದುಕೊಂಡು ನಿದ್ದೆ ಹೋಯಿತು."

ಮುರಿಗಯ್ಯ ನಕ್ಕುಬಿಟ್ಟ. ಮಠಕ್ಕೆ ಅವನ ನಗು ಕೇಳಿ ಬಹಳ ದಿನವಾಗಿತ್ತು. ಗುರುಗಳೂ ನಕ್ಕು, ಅವನ ಮೇಲುವಸ್ತ್ರವನ್ನು ಮಡಚಿ ಕೈಗಿಟ್ಟು ಕೇಳಿದರು:

"ಈಗ ನೀನು ಹೇಳು, ಆ ಕಲೆ ಕ್ಷೌರಿಕನ ಯಾವ ಕೆನ್ನೆಯ ಮೇಲಿತ್ತು, ನೆನಪಿದೆಯೇ?"